ಅಕ್ಕನಿಗೆ ತಂದ ಸೀರೆ

ನನ್ನ ಮದುವೆ ಗೊತ್ತಾಗಿದೆ ಎಂಬ ಸುದ್ದಿ ನನಗೆ ತಿಳಿದದ್ದು ಹುಳುಮನೆಯಲ್ಲಿ. ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಪಕ್ಕದ ತಟ್ಟೆಯ ಮೇಲೆ ಬಗ್ಗಿದ್ದ ಅಮ್ಮ ತಲೆ ಎತ್ತದೆ, "ಗುರುವಾರ ಜವಳಿ ತೆಗೆಯೋಕೆ ಬೆಂಗಳೂರಿಗೆ ಹೋಗ್ಬೇಕು. ನಿನ್ನ ಲಂಗ ದಾವಣಿ ಒಗೆದಿಟ್ಕೊ" ಎಂದಳು. ಯಾರ ಮದುವೆಯ ಜವಳಿ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಮದುವೆಗೆ ಉಳಿದಿದ್ದ ಹೆಣ್ಣು ನಾನೊಬ್ಬಳೇ. ಗಂಡು ಯಾರು ಎಂದೂ ಕೇಳಲಿಲ್ಲ. ದೊಡ್ಡಬೆಳವಂಗಲದಿಂದ ಬಂದ ಸೋದರತ್ತೆ ವಾರದಿಂದ ಮನೆಯಲ್ಲೇ ಬೀಡುಬಿಟ್ಟು ಅಪ್ಪನ ಜೊತೆ ಪಿಸುಪಿಸು ಮಾತಾಡುತ್ತಿದ್ದಳು. ನಾನು ಹತ್ತಿರ ಹೋದರೆ ಇಬ್ಬರೂ ರಾಗಿ ಪೈರಿನ ಮಾತು ತೆಗೆಯುತ್ತಿದ್ದರು. ನಾನೇನು ಎಳೆ ಮಗುವೇ, ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು.

ಗಂಡು ನನ್ನ ಅಕ್ಕನ ಗಂಡ. ಅಕ್ಕ ತೀರಿಕೊಂಡು ಹತ್ತು ತಿಂಗಳಾಗಿತ್ತು. ಎರಡನೇ ಹೆರಿಗೆಗೆಂದು ತವರಿಗೆ ಬಂದವಳು ನಡುಮನೆಯಲ್ಲೇ ಕಣ್ಣು ಮುಚ್ಚಿದಳು, ಕೂಸೂ ಉಳಿಯಲಿಲ್ಲ. ಮೂರು ವರ್ಷದ ಮೊದಲ ಮಗಳು ನಮ್ಮಲ್ಲೇ ಉಳಿದುಬಿಟ್ಟಳು. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಶುಭಕಾರ್ಯ ಆಗಿಬಿಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎಂಬುದು ನಮ್ಮ ಕಡೆಯ ಲೆಕ್ಕಾಚಾರ. ಅತ್ತೆ ಬಂದದ್ದು ಅದೇ ಅವಸರದಲ್ಲಿ. "ಅಕ್ಕ ಸತ್ರೆ ಅಮಾವಾಸ್ಯೆ ನಿಲ್ಲುತ್ತಾ?" ಎಂದು ಅವಳು ಅಪ್ಪನಿಗೆ ಗಾದೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಗಾದೆ ಹೇಳುವವರಿಗೆ ಸಾಮಾನ್ಯವಾಗಿ ಅಕ್ಕ ಸತ್ತಿರುವುದಿಲ್ಲ. ನನಗೆ ಸತ್ತಿದ್ದಳು. ಆದರೂ ಕೋಪ ಬರಲಿಲ್ಲ, ಬುಟ್ಟಿ ಎತ್ತಿಕೊಂಡು ಸೊಪ್ಪು ಕೊಯ್ಯಲು ತೋಟಕ್ಕೆ ಹೋದೆ.

ಆ ಹತ್ತು ತಿಂಗಳು ನಾನು ಅತ್ತಿರಲಿಲ್ಲ. ಅಕ್ಕನನ್ನು ಎತ್ತಿಕೊಂಡು ಹೋದ ದಿನವೂ ಅಳಲಿಲ್ಲ. ಊರಿನ ಹೆಂಗಸರು ನನ್ನ ಮುಖ ನೋಡಿ, "ಗಟ್ಟಿ ಎದೆ ಕಣಮ್ಮ ಇವಳದು" ಎಂದರು. ಗಟ್ಟಿಯೂ ಇಲ್ಲ ಮಣ್ಣೂ ಇಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ, ತಲೆ ಬಾಚುತ್ತಿದ್ದೆ, ಅವಳು "ಚಿಕ್ಕಿ" ಎಂದು ಕರೆದರೆ ಓಗೊಡುತ್ತಿದ್ದೆ. ಅವಳ ಅಮ್ಮ ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದು ಮನೆಯವರೆಲ್ಲ ಅವಳಿಗೆ ಹೇಳಿಟ್ಟಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆ.

ಗುರುವಾರ ಬೆಳಿಗ್ಗೆ ಗಾಡಿಯಲ್ಲಿ ಹೊಸಕೋಟೆಗೆ ಹೊರಟೆವು, ಅತ್ತೆ, ಅಮ್ಮ, ನಾನು. ಅಪ್ಪ ಬರಲಿಲ್ಲ. ಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು, ಆ ಹೊತ್ತಿನಲ್ಲಿ ಅವು ತಿನ್ನುವ ಸೊಪ್ಪಿಗೆ ಮಿತಿಯಿರುವುದಿಲ್ಲ, ಮನೆ ಬಿಟ್ಟು ಕದಲುವ ಹಾಗಿಲ್ಲ. ಮಗುವನ್ನೂ ಅಪ್ಪನ ಹತ್ತಿರವೇ ಬಿಟ್ಟೆವು. ಗಾಡಿ ಹೊರಡುವಾಗ ಅದು ಓಡಿಬಂದು, ನನಗೇನು ತರ್ತೀಯ ಎಂದು ಕೇಳಿತು. ಬೆಂಗಳೂರಿಗೆ ಹೋದವರು ಬರಿಗೈಯಲ್ಲಿ ಬರಬಾರದು ಎಂಬುದು ಆ ವಯಸ್ಸಿಗೇ ಅದಕ್ಕೆ ಗೊತ್ತಿತ್ತು.

ಹೊಸಕೋಟೆಯ ಬಸ್ ನಿಲ್ದಾಣದಲ್ಲಿ ಭಾವ ಕಾಯುತ್ತಿದ್ದರು. ಅವರು ತರಕಾರಿ ಬೆಳೆದು ಬೆಂಗಳೂರಿನ ಮಾರುಕಟ್ಟೆಗೆ ಹಾಕುವವರು. ನಗರಕ್ಕೆ ವಾರಕ್ಕೆ ಮೂರು ಸಲ ಹೋಗುತ್ತಿದ್ದರೂ ಅವರು ಕಂಡದ್ದು ಬೆಳಗಿನ ಜಾವದ ಕೋಸು, ಬದನೆಕಾಯಿ, ಮೂಟೆ ಹೊರುವವರನ್ನು ಮಾತ್ರ. ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಕತ್ತಿನ ಪಟ್ಟಿ ಚುಚ್ಚುತ್ತಿದೆಯೇನೋ ಎಂಬಂತೆ ಮೇಲಿಂದ ಮೇಲೆ ಬೆರಳು ಹಾಕಿ ಸಡಿಲಿಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, "ಮಗು ಊಟ ಮಾಡ್ತಾ?" ಎಂದರು. "ಮಾಡ್ತು ಭಾವ" ಎಂದೆ. ಅಲ್ಲಿಂದ ಹಲಸೂರು ದಾಟುವವರೆಗೆ ಬಸ್ಸಿನಲ್ಲಿ ಮಾತಾಡಿದ್ದು ಅತ್ತೆ ಒಬ್ಬಳೇ.

"ಲೇ, ಮುಖ ಊದಿಸ್ಕೊಂಡು ಕೂರ್ಬೇಡ ಕಣೆ" ಎಂದು ನನ್ನ ಮೊಣಕೈ ತಿವಿದಳು. "ಜವಳಿ ತೆಗೆಯೋ ದಿನ ಹೆಣ್ಣು ಅನ್ನೋಳು ನಗ್ತಾ ಇರ್ಬೇಕು."

ನಕ್ಕೆ. ನಗು ಎಂದರೆ ತುಟಿಯ ಕೆಲಸವಷ್ಟೇ, ಅದೇನು ಕಷ್ಟವಲ್ಲ.

ಚಿಕ್ಕಪೇಟೆಯ ಆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಬಿಳಿ ಹಾಸಿನ ಮೇಲೆ ಗೋಡೆಗೊರಗಿ ಕೂರಬೇಕು. ಅತ್ತೆ ಕೂತ ಭಂಗಿ ನೋಡಿಯೇ ಅಂಗಡಿಯವನು ಇವಳೇ ಯಜಮಾನಿತಿ ಎಂದು ಗುರುತಿಸಿ ಅವಳಿಗೆ ಮೊದಲು ನೀರು ಕೊಟ್ಟ. ನಿಜಕ್ಕೂ ಈ ವಿದ್ಯೆಯಲ್ಲಿ ಅತ್ತೆಯನ್ನು ಮೀರಿಸುವವರು ನಮ್ಮ ನೆಂಟರಿಷ್ಟರಲ್ಲಿ ಇರಲಿಲ್ಲ. ಯಾರಿಗೆ ಎಂಥ ಪಂಚೆ, ಯಾರ ಸೀರೆಯ ಅಂಚು ಯಾರದಕ್ಕಿಂತ ಒಂದು ಬೆರಳು ಅಗಲವಾದರೆ ಯಾರು ಊಟದ ಎಲೆ ಬಿಟ್ಟು ಏಳುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಅಂಗಡಿಯವನು ಒಂದು ಸೀರೆ ಬಿಡಿಸಿ "ಕಂಚಿ ಮಾಲು ತಾಯಿ, ಅಸಲಿ" ಎಂದರೆ, ಅವಳು ಸೆರಗಿನ ತುದಿಯನ್ನು ಉಗುಳು ಹಚ್ಚಿದ ಬೆರಳಲ್ಲಿ ಉಜ್ಜಿ, "ಏನಪ್ಪಾ, ನಮ್ಮ ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದಿರೋದನ್ನ ನನಗೇ ಕಂಚಿ ಅಂತೀಯ? ನಮ್ಮೂರಿಗೂ ಆ ಊರಿಗೂ ಮೂರು ಹೆಜ್ಜೆ" ಎಂದು ಅವನ ಬಾಯಿ ಮುಚ್ಚಿಸಿದಳು. ನಾವು ಹುಳು ಸಾಕಿ, ಗೂಡು ಮಾರಿ, ಅದೇ ರೇಷ್ಮೆಯನ್ನು ಇಲ್ಲಿ ಬಂದು ಕೊಳ್ಳುತ್ತಿದ್ದೆವಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿ ಸುಮ್ಮನಾಯಿತು.

"ಮೊದಲು ಅವಳದು ತೆಗಿ" ಎಂದಳು ಅತ್ತೆ.

ಅವಳದು ಎಂದರೆ ಅಕ್ಕನದು. ಹೆಂಡತಿ ಸತ್ತವನು ಮತ್ತೆ ಮದುವೆಯಾಗುವಾಗ ನಮ್ಮಲ್ಲಿ ಮೊದಲ ಸೀರೆ ಸತ್ತವಳಿಗೆ. ಮದುವೆಯ ಹಿಂದಿನ ದಿನ ಕಳಶವಿಟ್ಟು, ಆ ಸೀರೆ, ಬಳೆ, ಅರಿಸಿನ ಕುಂಕುಮ ಅವಳ ಮುಂದಿಟ್ಟು ಎಡೆ ಹಾಕುತ್ತಾರೆ. ಹೊಸ ಹೆಣ್ಣು ಅಡ್ಡಬಿದ್ದು, ಅವಳು ಕೊಟ್ಟಳು ಎಂದುಕೊಂಡು ಆ ಸೀರೆಯನ್ನು ಉಟ್ಟು ಚಪ್ಪರಕ್ಕೆ ಬರಬೇಕು. ಹಾಗೆ ಮಾಡದಿದ್ದರೆ ಸತ್ತವಳು ಹೊಸಬಳ ಹೊಟ್ಟೆಯ ಮೇಲೆ ಕಣ್ಣಿಡುತ್ತಾಳಂತೆ. ಒಂದು ಕಟ್ಟಳೆ ಏನೆಂದರೆ, ಎಡೆ ಹಾಕುವವರೆಗೆ ಆ ಸೀರೆಯ ಮಡಿಕೆ ಬಿಚ್ಚಬಾರದು, ಯಾರ ಮೈಗೂ ತಾಗಿಸಬಾರದು.

ಅಂಗಡಿಯವನಿಗೆ ಇದೆಲ್ಲ ಎಲ್ಲಿ ಗೊತ್ತು? "ಯಾರಿಗಮ್ಮ ಸೀರೆ? ಬಂದಿದ್ದಾರಾ?" ಎಂದ.

ಅಮ್ಮ ಅತ್ತೆಯ ಕಡೆ ತಿರುಗಿದಳು. "ಬಂದಿಲ್ಲ" ಎಂದಳು ಅತ್ತೆ.

"ಬಣ್ಣ ಹೆಂಗಿದ್ದಾರೆ? ಎತ್ತರ?"

"ಇವಳ ಥರಾನೇ" ಎಂದಳು ಅಮ್ಮ. "ಒಂಚೂರು ಬೆಳ್ಳಗಿದ್ಲು."

ಇದ್ದಾಳೆ ಎನ್ನಬೇಕಾದಲ್ಲಿ ಇದ್ದಳು ಎಂದದ್ದನ್ನು ಅವನು ಗಮನಿಸಲಿಲ್ಲ. ಕಡುಗೆಂಪು ಸೀರೆಯೊಂದನ್ನು ಸರಕ್ಕನೆ ಬಿಡಿಸಿ, ನನ್ನ ಹೆಗಲ ಮೇಲೆ ಹರವಿ, ಸೆರಗನ್ನು ತಲೆಯ ಮೇಲೂ ಒಂದಿಷ್ಟು ಎಳೆದು, "ನೋಡಿ, ಲಕ್ಷ್ಮಿ ಬಂದಂಗೆ ಇದ್ದಾರೆ" ಎಂದ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು. ಭಾವ ಅಂಗಡಿಗೆ ಬಂದಾಗಿನಿಂದ ನನ್ನ ಮುಖ ನೋಡಿರಲಿಲ್ಲ, ಆಗ ನೋಡಿದರು. ನೋಡಿದ್ದು ನನ್ನನ್ನಲ್ಲ. ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಯ ಹೊರಗೆ ಹೋಗಿ ಬೀದಿಗೆ ಮುಖ ಮಾಡಿ ನಿಂತುಬಿಟ್ಟರು.

ಇಷ್ಟೆಲ್ಲ ಆಗುವಾಗ ನಾನು ಏನು ಮಾಡುತ್ತಿದ್ದೆ ಎಂದರೆ, ಹೊಸ ಸೀರೆಯ ಗಂಜಿ ವಾಸನೆಗೆ ಸೀನು ಬರುವ ಹಾಗಾಗಿ ಅದನ್ನು ತಡೆಯುತ್ತಿದ್ದೆ.

"ಅದು ಬೇಡ, ಮೈ ಮೇಲೆ ಬಿತ್ತು" ಎಂದು ಅತ್ತೆ ಸೀರೆಯನ್ನು ನನ್ನ ಹೆಗಲಿಂದ ಕಿತ್ತಳು. "ಬೇರೆ ತೆಗಿಯಪ್ಪ. ಬಿಡಿಸ್ಬೇಡ. ಮಡಿಕೆ ಮೇಲೇ ತೋರಿಸು."

ಆಮೇಲೆ ಬಣ್ಣದ ಮಾತು ಬಂತು. ಅಮ್ಮ ಎಲೆ ಹಸಿರು ಎಂದಳು, ಅತ್ತೆ ಅರಿಸಿನ ಎಂದಳು. ಒಳಗೆ ಬಂದ ಭಾವನನ್ನು, "ಅವಳಿಗೆ ಯಾವ ಬಣ್ಣ ಇಷ್ಟ ಇತ್ತಪ್ಪ?" ಎಂದು ಕೇಳಿದರು. ಐದು ವರ್ಷ ಸಂಸಾರ ಮಾಡಿದ ಮನುಷ್ಯ ನೆಲ ನೋಡಿ, "ಗೊತ್ತಿಲ್ಲ. ಅವಳೂ ಹೇಳ್ಲಿಲ್ಲ" ಎಂದರು.

"ಈರುಳ್ಳಿ ಬಣ್ಣ" ಎಂದೆ ನಾನು.

ಅಕ್ಕನಿಗೆ ತನ್ನ ಮದುವೆಯಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣದ ಸೀರೆ ಬೇಕಿತ್ತು. ಆಗಲೂ ಜವಳಿ ತೆಗೆದವಳು ಇದೇ ಅತ್ತೆ. ತಿಳಿ ಬಣ್ಣ ಬೇಗ ಮಾಸುತ್ತೆ ಎಂದು ಮಾಗಿದ ನೇರಳೆ ಬಣ್ಣದ್ದನ್ನು ಕೊಡಿಸಿದ್ದಳು. ಹಿತ್ತಲಲ್ಲಿ ಕೂತು ಅಕ್ಕ ನನ್ನ ಹತ್ತಿರ ಅದಕ್ಕಾಗಿ ಅತ್ತಿದ್ದಳು, ಆಮೇಲೆ ಮುಖ ತೊಳೆದು ಬಂದು ಎಲ್ಲರೆದುರು, ಚೆನ್ನಾಗಿದೆ ಅತ್ತೆ, ಎಂದಿದ್ದಳು. ಈ ಸಲ ಅತ್ತೆ ಮಾಸುವ ಮಾತು ಎತ್ತಲಿಲ್ಲ. ಸಣ್ಣ ಹಸಿರಂಚಿನ ಈರುಳ್ಳಿ ಬಣ್ಣದ ಸೀರೆ ಮಡಿಕೆ ಬಿಚ್ಚದೆ ಕಾಗದದೊಳಗೆ ಹೋಯಿತು. ಅಂಗಡಿಯಲ್ಲಿ ನಾನಾಡಿದ ಮಾತು ಅದೊಂದೇ.

ಉಳಿದ ಜವಳಿ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಮ್ಮನ ತವರಿನ ಅಜ್ಜಿಗೆ ಕೆಂಪಂಚಿನದು, ಸೋದರಮಾವನಿಗೆ ಪಂಚೆ ಶಲ್ಯ, ಮಾವನ ಹೆಂಡತಿಗೆ ಅಜ್ಜಿಯದಕ್ಕಿಂತ ಒಂದು ಕೈ ಕಡಿಮೆ, ಅಗಸರವಳಿಗೆ, ಓಲಗದವರಿಗೆ. ಪ್ರತಿಯೊಂದಕ್ಕೂ ಅತ್ತೆ ಒಂದು ಜಗಳ ನೆನಪು ಮಾಡಿಕೊಂಡಳು. ನಡುವೆ ಎಲ್ಲೋ ನನ್ನ ಧಾರೆ ಸೀರೆಯೂ ತೆಗೆದಾಯಿತಂತೆ. ಅದು ಯಾವ ಬಣ್ಣ ಎಂದು ನಾನು ನೋಡಿದ್ದು ಊರಿಗೆ ಹೋದ ಮೇಲೆ. ಆ ಹೊತ್ತಿನಲ್ಲಿ ನಾನು ಅಂಗಡಿಯ ಗೋಡೆಯ ಗಡಿಯಾರ ನೋಡುತ್ತಿದ್ದೆ, ಅದು ನಿಂತುಹೋಗಿದೆ ಎಂದು ತಿಳಿಯಲು ಬಹಳ ಹೊತ್ತು ಬೇಕಾಯಿತು.

ಅಮ್ಮ, ಅತ್ತೆ ಬಳೆ ತರಲು ಬಳೇಪೇಟೆಗೆ ಹೋದರು. ಹೋಗುವಾಗ ಅತ್ತೆ, "ನೀವಿಬ್ರೂ ಗಂಟು ಕಾಯ್ಕೊಂಡು ಇಲ್ಲೇ ಕೂತಿರಿ" ಎಂದು ಅಂಗಡಿಯ ಜಗಲಿ ತೋರಿಸಿದಳು. ನನಗೂ ಭಾವನಿಗೂ ನಡುವೆ ಗಂಟುಗಳ ರಾಶಿ. ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗುತ್ತಿದ್ದರು. ಭಾವ ಎದುರಿನ ಹೋಟೆಲಿನಿಂದ ಕಾಫಿ ತಂದುಕೊಟ್ಟರು. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, "ನಿಂಗೆ ಒಪ್ಪಿಗೆ ಇದೆಯಾ?" ಎಂದರು.

ಆ ಪ್ರಶ್ನೆಯನ್ನು ಅಪ್ಪ ಕೇಳಿರಲಿಲ್ಲ, ಅಮ್ಮ ಕೇಳಿರಲಿಲ್ಲ. ಕೇಳಿದರೆ ಏನು ಹೇಳಬೇಕು ಎಂದು ನಾನೂ ಯೋಚಿಸಿರಲಿಲ್ಲ. ಅವರು ಕೆಟ್ಟವರಲ್ಲ. ಅಕ್ಕನಿಗೆ ಒಂದು ಏಟು ಹಾಕಿದವರಲ್ಲ. ನನಗೆ ಚಿಕ್ಕಂದಿನಿಂದ ಪೆಪ್ಪರಮೆಂಟು ತಂದುಕೊಟ್ಟ ಭಾವ. ಅದೇ ತೊಡಕು.

"ಇಲ್ಲ ಅಂದ್ರೆ ಏನು ಮಾಡ್ತೀರಿ?" ಎಂದೆ.

ಅವರು ನಿಜವಾಗಿಯೂ ಯೋಚಿಸಿದರು. "ಗೊತ್ತಿಲ್ಲ" ಎಂದರು. ಕತ್ತಿನ ಪಟ್ಟಿ ಸಡಿಲಿಸಿಕೊಂಡು, "ನನ್ನನ್ನೂ ಯಾರೂ ಕೇಳ್ಲಿಲ್ಲ. ದಿನ ನೋಡಿ ಹೇಳಿ ಕಳಿಸಿದ್ರು" ಎಂದರು.

"ನಿಮಗೆ ಒಪ್ಪಿಗೆ ಇದೆಯಾ?"

"ಮಗು ಇದೆಯಲ್ಲ" ಎಂದರು.

ಇಬ್ಬರಲ್ಲಿ ಒಬ್ಬರು ಬೇಡ ಎಂದಿದ್ದರೆ ಇನ್ನೊಬ್ಬರು ಹೂಂ ಎನ್ನುತ್ತಿದ್ದರೇನೋ. ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತ ಆಟಿಕೆಯವನೊಬ್ಬ ಬಂದು ಜಗಲಿಯ ಮುಂದೆ ನಿಂತ. ಕೀಲಿ ಕೊಟ್ಟರೆ ಕಾಳು ಹೆಕ್ಕುವ ತಗಡಿನ ಕೋಳಿ. ಭಾವ ಅದನ್ನು ಕೈಯಲ್ಲಿ ಹಿಡಿದು ಕೀಲಿ ಕೊಟ್ಟು, ಅದು ತಲೆ ಕುಟ್ಟುವುದನ್ನು ಕೊನೆಯವರೆಗೂ ನೋಡಿದರು. ಮತ್ತೊಂದು ಸಲ ಕೀಲಿ ಕೊಟ್ಟರು. "ಇದು ಇಷ್ಟ ಆಗತ್ತಾ ಅವಳಿಗೆ?" ಎಂದು ನನ್ನನ್ನು ಕೇಳಿದರು. ಆಗತ್ತೆ ಎಂದೆ.

ಹೊಸಕೋಟೆಯಲ್ಲಿ ಬಸ್ಸಿಳಿದ ಮೇಲೆ ಭಾವ ತಮ್ಮ ಊರಿಗೆ ಹೋದರು. ನಾವು ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಪ್ಪ ಹುಳುಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಅತ್ತೆ ಪಡಸಾಲೆಯಲ್ಲಿ ಚಾಪೆ ಹಾಸಿ, ಗಂಟು ಬಿಚ್ಚಿ, ಒಂದೊಂದನ್ನೇ ಎತ್ತಿ ತೋರಿಸತೊಡಗಿದಳು. ಮಗು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಚಾಪೆಯ ನಡುವೆಯೇ ಕೂತಿತು.

"ಇದ್ಯಾರ್ಗೆ?"

"ಇದು ಅಜ್ಜಿಗೆ ಕಣಮ್ಮ."

"ಇದು?"

"ಇದು ನಿಮ್ಮ ಚಿಕ್ಕಿಗೆ."

ಹೀಗೆ ಪ್ರತಿಯೊಂದನ್ನೂ ಕೇಳಿ ಮುಗಿಸಿದ ಮೇಲೆ, ಮಗು ಸುತ್ತ ಎಲ್ಲರ ಮುಖ ನೋಡಿ, "ನಮ್ಮಮ್ಮಂಗೆ ಏನ್ ತಂದ್ರಿ?" ಎಂದಿತು.

ಅಮ್ಮ ಎದ್ದು ಅಡಿಗೆಮನೆಗೆ ಹೋದಳು. ಅಪ್ಪ ಎಂಥವನೆಂದರೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಬಗ್ಗಿ, ಬದಿಗಿಟ್ಟಿದ್ದ ಕಾಗದದ ಪೊಟ್ಟಣವನ್ನು ತೆಗೆದು ಮಗುವಿನ ತೊಡೆಯ ಮೇಲಿಟ್ಟ. "ಇಕಾ, ಇದು ನಿಮ್ಮಮ್ಮಂದು" ಎಂದ.

"ಅಯ್ಯೋ, ಅದು ಮಡಿಕೆ ಬಿಚ್ಚಬಾರ್ದು ಕಣೋ!" ಎಂದು ಅತ್ತೆ ಕೂಗಿದಳು.

"ನೋಡಿ ಕೊಡ್ತಾಳೆ ಬಿಡಕ್ಕ" ಎಂದ ಅಪ್ಪ.

ನೋಡಿ ಕೊಡಲಿಲ್ಲ. ಕಾಗದ ಹರಿಯಿತು, ಮಡಿಕೆ ಬಿಚ್ಚಿತು. ಆ ಇಡೀ ಸೀರೆಯನ್ನು ಮೈಗೆ ತಲೆಗೆ ಸುತ್ತಿಕೊಂಡು, ಉಳಿದದ್ದನ್ನು ನೆಲದ ಮೇಲೆ ಎಳೆದುಕೊಂಡು ಮಗು ಅಂಗಳ, ಪಡಸಾಲೆ, ದನದ ಕೊಟ್ಟಿಗೆ ಎಲ್ಲ ಓಡಾಡಿತು. ಕಿತ್ತುಕೊಳ್ಳಲು ಹೋದರೆ ಚೀರಿತು. ದೀಪ ಹಚ್ಚುವ ಹೊತ್ತಿಗೆ ಮಗು ಅತ್ತರೆ ಮದುವೆ ಮನೆಗೆ ಒಳ್ಳೆಯದಲ್ಲವೆಂದು ಅತ್ತೆಯೇ ಕೈಬಿಟ್ಟಳು. ನಿದ್ದೆ ಬಂದ ಮೇಲೆ ತೆಗೆದುಕೊಂಡರಾಯಿತು ಎಂದಳು. ಆದರೆ ದಿನವೆಲ್ಲ ಓಡಾಡಿದ ಅತ್ತೆಗೇ ಮೊದಲು ನಿದ್ದೆ ಬಂತು. ತಗಡಿನ ಕೋಳಿ ಹೊಸ್ತಿಲ ಹತ್ತಿರ ಬಿದ್ದಿತ್ತು, ಅದನ್ನು ಮಗು ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಮಗು ಆ ಸೀರೆಯ ಮೇಲೇ ಮಲಗಿ, ಅದರಲ್ಲೇ ಉಚ್ಚೆ ಹೊಯ್ದುಕೊಂಡಿತ್ತು.

ಅತ್ತೆ ಎದೆ ಬಡಿದುಕೊಂಡಳು. ಎಡೆಗೆ ಇಡಬೇಕಾದ ಸೀರೆ, ಮೈಲಿಗೆಯಾಯಿತು, ಇನ್ನು ಏನು ಗತಿ, ಚಪ್ಪರಕ್ಕೆ ದಿನವೆಲ್ಲಿದೆ, ಮತ್ತೆ ಬೆಂಗಳೂರಿಗೆ ಹೋಗಿಬರುವವರು ಯಾರು. ಅಪ್ಪ ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ, "ಅವಳ ಸೀರೆ ಅವಳಿಗೆ ಸೇರ್ತು. ಬಿಟ್ಬಿಡು" ಎಂದು ಹುಳುಮನೆಗೆ ಹೋದ. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವಳೇ ದಾರಿ ಹುಡುಕಿದಳು. ಅರಿಸಿನದ ನೀರಲ್ಲಿ ಅದ್ದಿ ಒಣಗಿಸಿದರೆ ದೋಷವಿಲ್ಲ, ಎಡೆ ಇಟ್ಟು ಅದನ್ನೇ ಉಡಿಸಬಹುದು. "ಹೋಗು, ಈಸ್ಕೊಂಡು ಬಾ. ನಿನ್ ಮಾತಾದ್ರೆ ಕೇಳತ್ತೆ" ಎಂದು ನನ್ನನ್ನು ಕಳಿಸಿದಳು.

ಮಗು ಎದ್ದು ಕೂತಿತ್ತು. ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿತ್ತು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಆ ಸೀರೆ ಕೊಡ್ತೀಯಾ ಪುಟ್ಟಿ?"

"ಕೊಡಲ್ಲ."

"ಒಗೆದು ಕೊಡ್ತೀನಿ."

"ಅಮ್ಮ ಬಂದಾಗ ಕೊಡ್ತೀನಿ."

"ನಾನು ಉಟ್ಕೋಬೇಕಂತೆ ಕಣೆ. ಬೆಳವಂಗಲದ ಅಜ್ಜಿ ಹೇಳ್ತು."

ಅವಳು ನನ್ನ ಮುಖ ನೋಡಿದಳು. ಅಕ್ಕನ ಕಣ್ಣೇ, ಅದೇ ದಪ್ಪ ರೆಪ್ಪೆ. ಎದ್ದು ನಿಂತು, ಪುಟ್ಟ ಮುಷ್ಟಿಯಲ್ಲಿ ನನ್ನ ಎದೆಗೆ ಗುದ್ದಿದಳು. "ಬ್ಯಾಡ! ಇದು ನಮ್ಮಮ್ಮಂದು. ನೀನು ಉಟ್ಕೋಬ್ಯಾಡ! ನೀನು ಚಿಕ್ಕಿ!"

ಜೋಮು ಹಿಡಿದ ಕಾಲನ್ನು ಊರಿದಾಗ ಹೇಗೆ ಸೂಜಿ ಚುಚ್ಚಿದಂತಾಗುತ್ತದೋ ಹಾಗೆ ಮೈಯೆಲ್ಲ ಉರಿಯಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಬಾಯಿ ಬಿಟ್ಟು, ಗಟ್ಟಿಯಾಗಿ ಅತ್ತುಬಿಟ್ಟೆ. ಅಡಿಗೆಮನೆಯಿಂದ ಅಮ್ಮ ಓಡಿಬಂದಳು. ಮಗು ಹೆದರಿ ತಾನೂ ಅಳತೊಡಗಿತು, ಆದರೆ ಸೀರೆ ಬಿಡಲಿಲ್ಲ.

ಮದುವೆ ನಿಂತಿತೆಂದು ತಿಳಿಯಬೇಡಿ. ಗೊತ್ತು ಮಾಡಿದ ದಿನವೇ ನಡೆಯಿತು. ಅಮ್ಮ ತನ್ನ ಪೆಟ್ಟಿಗೆಯಲ್ಲಿದ್ದ ಒಂದು ಉಡದ ಸೀರೆಯನ್ನು ಎಡೆಗೆ ಇಟ್ಟಳು, ನಾನು ಅದನ್ನೇ ಉಟ್ಟು ಚಪ್ಪರಕ್ಕೆ ಬಂದೆ. ಭಾವನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಬಹಳ ವರ್ಷ ಏನೂ ಕರೆಯದೆಯೇ ಸಂಸಾರ ಮಾಡಿದೆ. ಒಳ್ಳೆಯ ಮನುಷ್ಯ. ಚೆನ್ನಾಗಿಯೇ ಬಾಳಿದೆವು ಎಂದು ನೋಡಿದವರು ಹೇಳುತ್ತಾರೆ, ನಾನೂ ಇಲ್ಲ ಎನ್ನುವುದಿಲ್ಲ.

ಆ ಮದುವೆಯಲ್ಲಿ ನಾವು ದೊಡ್ಡವರು ಇಷ್ಟು ಜನ ಇದ್ದೆವು. ಅಪ್ಪ, ಅಮ್ಮ, ಅತ್ತೆ, ಅವರು, ನಾನು. ಬೇಡ ಎಂದವಳು ಆ ಮಗು ಒಬ್ಬಳೇ.